ನಿಮ್ಮ ಗಂಟೆ ಲೇಖನ ಓದಿದೆ

ನಮಸ್ಕಾರ,

ಇಂಗ್ಲೆಂಡಿನ ಲಫ್‌ಬರೋ ಊರಿನಲ್ಲಿ ತಲೆಮಾರುಗಳ ಕಾಲ ಚರ್ಚ್ ಗಂಟೆ ಎರಕ ಹೊಯ್ದ ಟೇಲರ್ ಮನೆತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯ ಗಟ್ಟಿ ಇದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ನಾದ, ಮಂಜು, ಆತ್ಮ ಅಂತ ಹೋಗಿದೆ. ತೆಗೆದುಬಿಡಿ. ಆಮೇಲೆ ವಂಶಾವಳಿ. 1784ರಲ್ಲಿ ಕೆಲಸ ಶುರು ಮಾಡಿದ ರಾಬರ್ಟ್, ಅವನ ಮಗ ಜಾನ್, ಅವನ ಮಗ ಜಾನ್ ವಿಲಿಯಂ, ಅವನ ಮಗನೂ ಜಾನ್ ವಿಲಿಯಂ! ಯಾರು ಯಾರ ಅಪ್ಪ ಅಂತ ನಾನು ಬೆರಳು ಮಡಿಸಿ ಲೆಕ್ಕ ಹಾಕಬೇಕಾಯಿತು. ಓದುಗರು ಅಷ್ಟು ಕಷ್ಟಪಡುವುದಿಲ್ಲ, ಮುಂದಿನ ಪುಟಕ್ಕೆ ಹೋಗುತ್ತಾರೆ. ಜಾನ್ ಟೇಲರ್ 1839ರಲ್ಲಿ ಲಫ್‌ಬರೋಗೆ ಬಂದಿದ್ದು ಅಲ್ಲಿನ ಚರ್ಚಿನ ಹಳೆ ಗಂಟೆಗಳನ್ನು ಕರಗಿಸಿ ಮತ್ತೆ ಹೊಯ್ಯಲು. ಕೆಲಸಕ್ಕೆಂದು ಬಂದವರು ಅಲ್ಲೇ ನಿಂತುಬಿಟ್ಟರು. ಲೇಖನ ಅಲ್ಲಿಂದ ಶುರುವಾಗಲಿ.

"ಟೇಲರ್ ಗಂಟೆಗಳ ಮಾಂತ್ರಿಕ ನಾದ" ಅಂದಿದ್ದೀರಿ. ಮಾಂತ್ರಿಕ ಅಂದರೆ ಮುಗಿದೇ ಹೋಯಿತು, ಅಲ್ವಾ? ಗಂಟೆಗೆ ಒಂದು ಏಟು ಕೊಟ್ಟರೆ ಹಲವು ಸ್ವರ ಒಟ್ಟಿಗೆ ಹೊರಡುತ್ತವೆ. ಅವು ಒಂದಕ್ಕೊಂದು ಕೂಡದಿದ್ದರೆ ಕಿವಿಗೆ ಒರಟು. ಆರ್ಥರ್ ಸಿಂಪ್ಸನ್ ಎಂಬ ಪಾದ್ರಿ ಇದನ್ನು ಎತ್ತಿ ಬರೆದರು. 1896ರ ಹೊತ್ತಿಗೆ ಟೇಲರ್ ಮನೆಯವರು ಅದನ್ನು ಕೆಲಸದಲ್ಲಿ ತಂದರು. ಗಂಟೆಯನ್ನು ತಲೆಕೆಳಗು ಮಾಡಿ, ಬಾಯಿ ಮೇಲೆ ಬರುವಂತೆ ಲೇತ್ ಮೇಲೆ ಕೂರಿಸಿ, ಒಳಗಿನ ಲೋಹವನ್ನು ಸ್ವಲ್ಪ ಸ್ವಲ್ಪವೇ ಕೆರೆದು ಸ್ವರ ಕೂಡಿಸುವುದು. ಜಾಸ್ತಿ ಕೆರೆದರೆ ವಾಪಸ್ ಹಚ್ಚಲು ಆಗುವುದಿಲ್ಲ. ಆ ಕೈಯ ಭಯ ನಿಮ್ಮ ಬರಹದಲ್ಲಿ ಎಲ್ಲೂ ಕಾಣಲಿಲ್ಲ.

ಹಾಗೆಯೇ ಅಚ್ಚಿನ ಮಣ್ಣು. "ವಿಶೇಷ ಮಿಶ್ರಣ" ಅಂತ ದಾಟಿಬಿಟ್ಟಿದ್ದೀರಿ. ಅದರಲ್ಲಿ ಮರಳು, ಜೇಡಿ, ಮೇಕೆ ಕೂದಲು, ಕುದುರೆ ಲದ್ದಿ ಇರುತ್ತದೆ. ಲದ್ದಿ ಸುಟ್ಟ ಜಾಗದಲ್ಲಿ ಸಣ್ಣ ತೂತು ಉಳಿದು, ಕಾದ ಕಂಚಿನ ಅನಿಲ ಆಚೆ ಹೋಗುತ್ತದೆ. ಓದುಗರಿಗೆ ಈ ಲದ್ದಿಯೇ ಬೇಕು ಸ್ವಾಮಿ, ಸುಮ್ನೆ ಮುಚ್ಚಿಡಬೇಡಿ.

ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗೆ 1881ರಲ್ಲಿ ಹೊಯ್ದ 'ಗ್ರೇಟ್ ಪಾಲ್' 16 ಟನ್ನಿಗೂ ಜಾಸ್ತಿ ತೂಗುತ್ತದೆ, ನಿಜ. ಆದರೆ ಅದಕ್ಕೆ ಒಂದು ಪ್ಯಾರಾ ಸಾಕು. ತೂಕ ಹೇಳಿದ ಮೇಲೆ ನೀವು ಬೆರಗಾಗುತ್ತಲೇ ಇದ್ದೀರಿ.

ನನಗೆ ಸಿಟ್ಟು ಬಂದಿದ್ದು ಕೊನೆಯಲ್ಲಿ. "ಕುಟುಂಬ ಯುದ್ಧದಲ್ಲೂ ತ್ಯಾಗ ಮಾಡಿತು" ಎಂಬ ಒಂದೇ ಸಾಲು. ಆಗಿದ್ದೇನು? ಎಡ್ಮಂಡ್ ಡೆನಿಸನ್ ಟೇಲರ್ ಅವರ ಅಣ್ಣ, ಅಂದರೆ ಆ ಎರಡನೇ ಜಾನ್ ವಿಲಿಯಂ, ಅವರ ಮೂವರು ಗಂಡುಮಕ್ಕಳು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಸತ್ತರು. 1923ರಲ್ಲಿ ಊರಿನ ಯುದ್ಧ ಸ್ಮಾರಕ ಗೋಪುರಕ್ಕೆ ಟೇಲರ್ ಮನೆಯವರೇ 47 ಗಂಟೆ ಹೊಯ್ದರು. ಎಲ್ಲಕ್ಕಿಂತ ದೊಡ್ಡದನ್ನು ಎಡ್ಮಂಡ್ ತಾವೇ ಕೊಟ್ಟು, ಅದರ ಮೇಲೆ ಆ ಮೂವರ ಹೆಸರು ಬರೆಸಿದರು. ನೀವು ಹೇಳಿದ ವಂಶಾವಳಿಯ ಸಾರ ಆ ಒಂದು ಗಂಟೆಯ ಮೇಲಿದೆ. ಅಪ್ಪ-ಮಕ್ಕಳ ಪಟ್ಟಿ ಬಿಟ್ಟು ಅದರ ಸುತ್ತ ಲೇಖನ ಕಟ್ಟಿ. 1981ರಲ್ಲಿ ಈ ಕೆಲಸದಲ್ಲಿದ್ದ ಕೊನೆಯ ಟೇಲರ್ ಆದ ಪಾಲ್ ತೀರಿಕೊಂಡು ಮನೆತನದ ನಂಟು ಮುಗಿದಿದ್ದು, ಎರಕದ ಕೆಲಸ ಮುಂದುವರಿದಿದ್ದು, ಎಲ್ಲ ಅದರ ಹಿಂದೆ ತಾನೇ ಬರುತ್ತದೆ.

ಈಗಿರುವುದರ ಅರ್ಧದಷ್ಟು ಉದ್ದ ಸಾಕು. ಫೋಟೋ ಎಲ್ಲಿಂದ ತೆಗೆದುಕೊಂಡಿರಿ ಅಂತ ತಿಳಿಸಿ, ಅನುಮತಿ ಇಲ್ಲದ್ದನ್ನು ಹಾಕುವುದಿಲ್ಲ. ತಿದ್ದಿದ ಪ್ರತಿ ನನಗೇ ಕಳಿಸಿ.

ಸಂಪಾದಕ