ಕ್ಯಾಮೆರಾನೂ ಬೇಡ, ಸೆಲ್ಫ್ ಚೆಕ್‌ಔಟೂ ಬೇಡ, ಮೊದಲು ಹಬ್ಬದ ಪಟ್ಟಿ ಮಾಡಿ

ಕಾಸರಗೋಡಿನ ಸೂಪರ್‌ಮಾರ್ಕೆಟ್ ಕಂಪನಿಗೆ ಇನ್ನೊವೇಶನ್ ಹೆಡ್ ಆಗಿ ಸೇರುತ್ತಿದ್ದೀರಿ, ಎಐ ಕ್ಯಾಮೆರಾದಿಂದ ಶುರು ಮಾಡಲಾ, ಗಿರಾಕಿಯೇ ತನ್ನ ಬಿಲ್ಲು ಮಾಡಿಕೊಳ್ಳುವ ಸೆಲ್ಫ್ ಚೆಕ್‌ಔಟ್‌ನಿಂದಲಾ ಅಂತ ಕೇಳಿದ್ದೀರಿ. ಇಂಥದ್ದೇ ಕುರ್ಚಿಯಲ್ಲಿ ನಾನೂ ಕೂತಿದ್ದೆ.

ನಮ್ಮ ಕಂಪನಿಯ ಹೆಚ್ಚಿನ ಅಂಗಡಿಗಳು ದಕ್ಷಿಣ ಕೇರಳದಲ್ಲಿ. ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ, ಬದಿಯಡ್ಕದವು ಆಮೇಲೆ ಸೇರಿದ್ದು. ನಾನು ತಂದದ್ದು, ಯಾವ ಸಾಮಾನು ಎಷ್ಟು ಬೇಕಾಗಬಹುದು ಅಂತ ಲೆಕ್ಕ ಹಾಕಿ ತಾನೇ ಆರ್ಡರ್ ಕಳಿಸುವ ಸಾಫ್ಟ್‌ವೇರ್. ಅದು ಹಳೇ ಬಿಲ್ಲುಗಳಿಂದ ಕಲಿಯುತ್ತದೆ. ಬಿಲ್ಲುಗಳು ಹೆಚ್ಚಾಗಿ ದಕ್ಷಿಣದವು, ಹಾಗಾಗಿ ಕಲಿತದ್ದು ಬರೀ ಓಣಂ. 2023ರಲ್ಲಿ ಓಣಂನ ಮುಖ್ಯ ದಿನ ತಿರುವೋಣಂ ಆಗಸ್ಟ್ 29ಕ್ಕೆ, ನಮ್ಮ ಚೌತಿ ಸೆಪ್ಟೆಂಬರ್ ಮೂರನೇ ವಾರ. 2024ರಲ್ಲಿ ತಿರುಗಾಮುರುಗಾ: ಸೆಪ್ಟೆಂಬರ್ 7ಕ್ಕೆ ಚೌತಿ, 15ಕ್ಕೆ ಓಣಂ. ಚೌತಿಯ ವಾರ ಬದಿಯಡ್ಕದಲ್ಲಿ ಓಣಂನ ಬಾಳೆಕಾಯಿ ಚಿಪ್ಸ್ ರಾಶಿ. ಅವಲಕ್ಕಿ, ಬೆಲ್ಲ, ಎಳ್ಳು ಖಾಲಿ. ಉಪ್ಪಳದಲ್ಲಿ ಇನ್ನೊಂದು ಕಥೆ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಹೋದ ವರ್ಷದ ತಾರೀಕು ಹಿಡಿದು ಕೂತರೆ ಮುಗೀತು.

ಇದನ್ನೆಲ್ಲ ಅಂಗಡಿಯ ಮ್ಯಾನೇಜರ್‌ಗಳು ಸರಿ ಮಾಡಬಹುದಿತ್ತು. ಆದರೆ ಆರ್ಡರ್ ತಿದ್ದುವ ಅವಕಾಶವನ್ನೇ ನಾನು ಬಂದ್ ಮಾಡಿದ್ದೆ. ಅವರು ಕೈ ಹಾಕಿದರೆ ಪೈಲಟ್‌ನ, ಅಂದರೆ ಪ್ರಯೋಗದ, ಅಂಕಿ ಕೆಡುತ್ತದೆ, ಸಾಫ್ಟ್‌ವೇರ್ ಎಷ್ಟು ಸರಿ ಅಂತ ಮೇಲಿನವರಿಗೆ ತೋರಿಸಲು ಆಗುವುದಿಲ್ಲ ಅಂತ ನನ್ನ ತರ್ಕ. ಅವರು ಎಲ್ಲಿ, ಎಷ್ಟು, ಯಾಕೆ ತಿದ್ದಿದರು ಅನ್ನುವುದೇ ನನಗೆ ಬೇಕಾಗಿದ್ದ ಅಂಕಿ! ಬದಿಯಡ್ಕದ ಮ್ಯಾನೇಜರ್ ಫೋನ್ ಮಾಡಿ, "ಸರ್, ಚೌತಿಗೆ ಅವಲಕ್ಕಿ ಸಾಕಾಗ್ಲಿಕ್ಕಿಲ್ಲ" ಅಂದಿದ್ದರು. "ಸಿಸ್ಟಮ್ ನೋಡಿಕೊಳ್ಳುತ್ತದೆ" ಅಂದೆ. ಆಮೇಲೆ ಅವರು ಫೋನ್ ಮಾಡುವುದನ್ನೇ ಬಿಟ್ಟರು. ಮುಂದಿನ ಬಜೆಟ್‌ನಲ್ಲಿ ನನ್ನ ವಿಭಾಗವೇ ಇರಲಿಲ್ಲ.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಕ್ಯಾಮೆರಾ ನಂಬಿ ಕ್ಯೂ ಇಲ್ಲದ ಅಂಗಡಿ ಮಾಡಿದ ಅಮೆಜಾನ್ ಕೂಡ 2024ರಲ್ಲಿ ಅಮೆರಿಕದ ತನ್ನ ‘ಫ್ರೆಶ್’ ಹೆಸರಿನ ದಿನಸಿ ಅಂಗಡಿಗಳಿಂದ ಆ ವ್ಯವಸ್ಥೆ ತೆಗೆಯಿತು. ಸೆಲ್ಫ್ ಚೆಕ್‌ಔಟ್ ಬಾರ್‌ಕೋಡ್ ಇರುವ ಪ್ಯಾಕೆಟ್‌ಗೆ ಸರಿ. ತೂಗಿ ಕೊಡುವ ಕುಚ್ಚಲಕ್ಕಿಗೆ, ಒಣಮೀನಿಗೆ ಪಕ್ಕದಲ್ಲಿ ಒಬ್ಬರು ನಿಲ್ಲಲೇಬೇಕು. ಮತ್ತೆ ಉಳಿತಾಯ ಎಲ್ಲಿಂದ?

ಸೇರಿದ ಕೂಡಲೇ ಪ್ರತಿ ಅಂಗಡಿಗೂ ಅದರದ್ದೇ ಹಬ್ಬದ ಕ್ಯಾಲೆಂಡರ್ ಮಾಡಿಸಿ, ಸಾಫ್ಟ್‌ವೇರಿಗೆ ಕೊಡಿ. ತಿದ್ದುವ ಬಟನ್ ಮ್ಯಾನೇಜರ್ ಕೈಯಲ್ಲೇ ಇರಲಿ. ಯಾಕೆ ತಿದ್ದಿದ್ದು ಅಂತ ಕನ್ನಡದಲ್ಲೋ ಮಲಯಾಳದಲ್ಲೋ ಒಂದು ಸಾಲು ಬರೆಯಲು ಜಾಗ ಇಡಿಸಿ. ಇದಕ್ಕೆ ಸಾಫ್ಟ್‌ವೇರ್ ಮಾರುವ ವೆಂಡರ್ ಆಮೇಲೆ ಜಾಸ್ತಿ ದುಡ್ಡು ಕೇಳುತ್ತಾರೆ, ಹಾಗಾಗಿ ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಸೇರಿಸಿಬಿಡಿ.