ಕಣದ ಬದಿಯ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಡಬೇಡಿ

ಕೊಡಗಿನಲ್ಲೇ ಇದ್ದರೂ ಮನೆಯ ಸುತ್ತ ಫೋಟೊ ತೆಗೆಯುವಂಥದ್ದೇನೂ ಕಾಣುತ್ತಿಲ್ಲ, ಹಳೆಯ ಕಾಲದ ಕಳೆ ಬರಲು ಯಾವ ಕ್ಯಾಮೆರಾ, ಯಾವ ಫಿಲ್ಟರ್ ಬೇಕು ಎಂದು ಕೇಳಿದ್ದೀರಿ. ನಾನೂ ಇದನ್ನೇ ತಲೆಯಲ್ಲಿಟ್ಟುಕೊಂಡು ರಾಜಾಸೀಟು, ಅಬ್ಬಿ ಜಲಪಾತ, ಮಾಂದಲಪಟ್ಟಿ ಎಂದು ಅಲೆದವನು. ಮಂಜು ಇಳಿದರೆ ಸಾಕು, ಚಿತ್ರ ಸಿಕ್ಕಿತು ಅಂದುಕೊಳ್ಳುತ್ತಿದ್ದೆ.

ಒಮ್ಮೆ ಕಾಫಿ ಕುಯ್ಲಿನ ಸಮಯದಲ್ಲಿ ಸುಂಟಿಕೊಪ್ಪದ ಹತ್ತಿರದ ಅಜ್ಜಿಮನೆಗೆ ಕ್ಯಾಮೆರಾ ಒಯ್ದೆ. ಅಡುಗೆಮನೆಯ ಗಾಜಿನ ಹೆಂಚಿನಿಂದ ಇಳಿದ ಬೆಳಕು ಒಲೆಯ ಹೊಗೆಯಲ್ಲಿ ಓರೆಯಾಗಿ ನಿಂತಿತ್ತು. ಎಂಥ ಬೆಳಕು! ಆದರೆ ಕ್ಯಾಮೆರಾ ಹಿಡಿಯುವ ಮೊದಲು ನಾನು ಮಾಡಿದ್ದೇನು ಎಂಬುದನ್ನು ನಿಮಗೆ ಬಿಡಿಸಿ ಹೇಳಲೇಬೇಕು. ಎಲ್ಲ ಹಳೆಯದಾಗಿ ಕಾಣಲಿ ಎಂದು ಹೊಸದನ್ನೆಲ್ಲ ಆಚೆಗೆ ಸಾಗಿಸಿದೆ. ಗ್ಯಾಸ್ ಸಿಲಿಂಡರ್, ನೀಲಿ ಬಕೆಟ್, ತೋಟಕ್ಕೆ ಹೋಗುವಾಗ ಅಜ್ಜಿ ಸೀರೆಯ ಮೇಲೆ ತೊಡುತ್ತಿದ್ದ ಅಜ್ಜನ ಹಳೇ ಶರ್ಟು, ಮೊಳೆಗೆ ತೂಗುಹಾಕಿದ ಕ್ಯಾಲೆಂಡರ್. ಆ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಆಳುಗಳ ಕೂಲಿ, ಎಷ್ಟು ಇಂಚು ಮಳೆ ಎಂಬುದೆಲ್ಲ ಅಜ್ಜಿಯ ಕೈಬರಹದಲ್ಲೇ ಇತ್ತು. ಅದರ ಬದಲು ಅಟ್ಟದಿಂದ ಹಿತ್ತಾಳೆ ಚೊಂಬು ಇಳಿಸಿ ತಂದಿಟ್ಟೆ. ಅಜ್ಜಿ ಅದನ್ನು ಬಳಸುವುದನ್ನೇ ಬಿಟ್ಟಿದ್ದರು. ಕಣದಲ್ಲೂ ಹಾಗೇ: ಟಾರ್ಪಾಲು ಸರಿಸಿದೆ, ಅಜ್ಜಿ ಕೂತು ಕೋಳಿ ಓಡಿಸುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಟ್ಟೆ.

ಫೋಟೊ ಚೆನ್ನಾಗಿ ಬಂದವು, ನೋಡಿದವರು ಹೊಗಳಿದರು. ಅಜ್ಜಿ ತೀರಿಕೊಂಡು, ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಎದ್ದ ಮೇಲೆ ತೆರೆದು ನೋಡಿದರೆ, ಅದು ಯಾರ ಮನೆಯೂ ಆಗಬಹುದಿತ್ತು. ಅವರ ಅಕ್ಷರ ಇಲ್ಲ. ಮುರಿದ ಕುರ್ಚಿಯ ಕೈಗೆ ಅವರೇ ಬಿಗಿದಿದ್ದ ತಂತಿ ಇಲ್ಲ. ಅವರ ದಿನ ಹೇಗೆ ಸಾಗುತ್ತಿತ್ತು ಎಂದು ಹೇಳುವ ಒಂದೊಂದನ್ನೂ ಕೈಯಾರೆ ಹೊರಗಿಟ್ಟಿದ್ದೆ. ಮತ್ತೆ ತೆಗೆಯೋಣವೆಂದರೆ ಮನೆಯೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಫಿಲ್ಟರಿನ ಕಂದು ಬಣ್ಣ ಎಲ್ಲರ ಮನೆಗೂ ಒಂದೇ. ಅಮೆರಿಕದ ಛಾಯಾಗ್ರಾಹಕ ವಿಲಿಯಂ ಎಗಲ್‌ಸ್ಟನ್ ತನ್ನ ಊರು ಮೆಂಫಿಸ್ಸಿನ ಆಸುಪಾಸಿನಲ್ಲಿ ಮಕ್ಕಳ ಮೂರು ಗಾಲಿಯ ಸೈಕಲ್ಲಿನಂಥವನ್ನೇ ಬಣ್ಣದಲ್ಲಿ ತೆಗೆದವರು. 1976ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವು ಪ್ರದರ್ಶನಗೊಂಡಾಗ ನೀರಸವೆಂದು ಜರೆದ ವಿಮರ್ಶಕರಿದ್ದರು. ಈಗ ಬಣ್ಣದ ಛಾಯಾಗ್ರಹಣದ ಇತಿಹಾಸ ಹೇಳುವವರು ಆ ಪ್ರದರ್ಶನವನ್ನು ಬಿಡುವುದಿಲ್ಲ.

ನಿಮ್ಮ ಮೊಬೈಲೇ ಸಾಕು. ಆದರೆ ಕತ್ತಲ ಅಡುಗೆಮನೆಯನ್ನು ಅದು ತಾನಾಗಿಯೇ ಬೆಳಗಿಸಿಬಿಡುತ್ತದೆ, ಮಸಿ ಹಿಡಿದ ಗೋಡೆ ಬೂದುಬಣ್ಣಕ್ಕೆ ತಿರುಗುತ್ತದೆ. ಪರದೆಯಲ್ಲಿ ಬೆಳಕು ಬಿದ್ದ ಜಾಗವನ್ನು ಮುಟ್ಟಿ ಎಕ್ಸ್‌ಪೋಶರ್, ಅಂದರೆ ಚಿತ್ರದ ಬೆಳಕಿನ ಪ್ರಮಾಣ, ಇಳಿಸಿ. ಫ್ಲ್ಯಾಶ್ ಬೇಡವೇ ಬೇಡ. ಜುಲೈ ತಿಂಗಳಿನ ಮೋಡದ ಬೆಳಕನ್ನು ಬೈಯಬೇಡಿ, ಗಟ್ಟಿ ನೆರಳಿಲ್ಲದ ಆ ಬೆಳಕಿನಲ್ಲೇ ಪಾಚಿಯ ಹಸಿರು ಸರಿಯಾಗಿ ಬರುತ್ತದೆ. ಇರಚಲಿಗೆ ಜಗಲಿಯಲ್ಲಿ ಇಳಿಬಿಟ್ಟ ಪ್ಲಾಸ್ಟಿಕ್ ಶೀಟನ್ನೂ ತೆಗೆಯಿರಿ, ತೋಟದ ಕೆಲಸದವರು ಇರುವ ಲೈನ್ ಮನೆಗಳ ಮುಂದೆ ಒಣಗುವ ಬಟ್ಟೆಯನ್ನು ಅಲ್ಲಿಯವರನ್ನು ಕೇಳಿ ತೆಗೆಯಿರಿ.

ಕ್ಯಾಮೆರಾಕ್ಕೆಂದು ಇಟ್ಟ ದುಡ್ಡಿನಲ್ಲಿ ಪ್ರಿಂಟ್ ಹಾಕಿಸಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ನಮ್ಮ ಮಳೆಗಾಲದಲ್ಲಿ ಆಲ್ಬಮ್ಮಿಗೆ ಬೂಷ್ಟು ಹಿಡಿಯದೆ ಇರುವುದಿಲ್ಲ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆಗೇ ಇಡಿ.