ಡಿಸೆಬಿಲಿಟಿ ಹಣ ಬರುವಾಗ ಕೆಲಸಕ್ಕೆ ಸೇರಿದರೆ ಚೆಕ್ ನಿಂತುಹೋಗುತ್ತಾ?

ಅಮೆರಿಕದಲ್ಲಿ ಎಸ್‌ಎಸ್‌ಡಿಐ (ಹಿಂದೆ ದುಡಿದ ಆಧಾರದ ಮೇಲೆ ಸೋಶಿಯಲ್ ಸೆಕ್ಯುರಿಟಿ ಇಲಾಖೆ ಕೊಡುವ ಡಿಸೆಬಿಲಿಟಿ ಹಣ) ಬರುತ್ತಿದೆ, ಪರಿಚಯದವರ ಅಂಗಡಿಯಲ್ಲಿ ವಾರಕ್ಕೆ 15 ಗಂಟೆ ಕೆಲಸ ಸಿಗುತ್ತಿದೆ, ಗಂಟೆಗೆ 18 ಡಾಲರ್, ಸೇರಿದ ತಕ್ಷಣ ಚೆಕ್ ನಿಂತುಹೋಗುತ್ತಾ ಅಂತ ಕೇಳಿದ್ದೀರಿ. ನಿಲ್ಲುವುದಿಲ್ಲ. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆ ಇದೆ. ಇದೇ ಭಯಕ್ಕೆ ಎರಡು ವರ್ಷ ಸುಮ್ನೆ ಮನೆಯಲ್ಲಿ ಕೂತಿದ್ದೆ. ನೀವು ಹಾಗೆ ಕೂರಬೇಡಿ.

ಮೊದಲ 9 ತಿಂಗಳು ಟ್ರಯಲ್ ವರ್ಕ್ ಪೀರಿಯಡ್, ಅಂದರೆ ಕೆಲಸ ಮಾಡಿ ನೋಡುವ ಅವಧಿ. ಆಗ ಎಷ್ಟು ದುಡಿದರೂ ಪೂರ್ತಿ ಹಣ ಬರುತ್ತದೆ. ಆದರೆ ಈ 9 ತಿಂಗಳು ಒಂದರ ಹಿಂದೆ ಒಂದು ಬರಬೇಕೆಂದಿಲ್ಲ. 60 ತಿಂಗಳೊಳಗೆ ಬಿಡಿಬಿಡಿಯಾಗಿ ಬಂದರೂ ಸೇರಿಸುತ್ತಾರೆ. 2025ರಲ್ಲಿ 1,160 ಡಾಲರ್ ದಾಟಿದ ತಿಂಗಳು ಮಾತ್ರ ಇದಕ್ಕೆ ಬೀಳುತ್ತಿತ್ತು. ನಿಮಗೆ ವಾರಕ್ಕೆ 270. ನಾಲ್ಕು ವಾರಕ್ಕೆ 1,080, ಟ್ರಯಲ್ ತಿಂಗಳು ಖರ್ಚಾಗಲಿಲ್ಲ. ಐದು ವಾರ ಬಂದರೆ 1,350, ಒಂದು ತಿಂಗಳು ಹೋಯಿತು.

ಆ 9 ಮುಗಿದ ಮೇಲೆ 36 ತಿಂಗಳ ಇನ್ನೊಂದು ಅವಧಿ ಇದೆ. ಇಲ್ಲಿ ಎಚ್ಚರ ಬೇಕು. 2025ರಲ್ಲಿ ತಿಂಗಳ ದುಡಿಮೆಯ ಮಿತಿ 1,620 ಡಾಲರ್ ಇತ್ತು, ಕಣ್ಣು ಕಾಣದವರಿಗೆ 2,700. ಮಿತಿ ದಾಟಿದರೆ ಸ್ವಲ್ಪ ಹಣ ಕಡಿತ ಆಗುವುದಲ್ಲ, ಆ ತಿಂಗಳ ಇಡೀ ಚೆಕ್ ಇಲ್ಲ. ಮೊದಲ ಸಲ ದಾಟಿದಾಗ ಮಾತ್ರ ಆ ತಿಂಗಳು ಮತ್ತು ಮುಂದಿನ ಎರಡು ತಿಂಗಳು ಕೊಡುತ್ತಾರೆ. ಈ 36 ತಿಂಗಳೊಳಗೆ ಸಂಬಳ ಮತ್ತೆ ಇಳಿದರೆ ಚೆಕ್ ಮತ್ತೆ ಬರುತ್ತದೆ, ಹೊಸ ಅರ್ಜಿ ಬೇಡ.

ನಾನು ಎಡವಿದ್ದು ಇಲ್ಲೇ. ಕೈಗೆ ಬಂದ ಸಂಬಳ ನೋಡಿ, ಮಿತಿಯೊಳಗೇ ಇದ್ದೇನೆ ಅಂದುಕೊಂಡೆ. ಸೋಶಿಯಲ್ ಸೆಕ್ಯುರಿಟಿಯವರು ನೋಡುವುದು ಟ್ಯಾಕ್ಸ್ ಹಿಡಿಯುವ ಮುಂಚಿನ ಗ್ರಾಸ್. ಒಂದು ತಿಂಗಳು ಅದು 1,700 ಆಗಿತ್ತು. ನನ್ನನ್ನು ಉಳಿಸಿದ್ದು ಒಂದು ಬಿಸ್ಕತ್ತಿನ ಡಬ್ಬಿ. ಕಾಲಿನ ತೊಂದರೆಯಿಂದ ಬಸ್ ಹತ್ತಲಾಗದೆ ಕೆಲಸಕ್ಕೆ ಹೋಗಿಬಂದ ಟ್ಯಾಕ್ಸಿಗೆ 90, ಮಾತ್ರೆಗೆ ಕೈಯಿಂದ ಕೊಟ್ಟಿದ್ದು 50, ಆ ರಸೀದಿಗಳೆಲ್ಲ ಅದರಲ್ಲಿದ್ದವು. ಕಾಯಿಲೆಯ ಕಾರಣಕ್ಕೆ ಕೆಲಸ ಮಾಡಲು ಬೇಕಾಗುವ ಇಂಥ ಖರ್ಚನ್ನು ಗ್ರಾಸ್‌ನಿಂದ ಕಳೆಯುತ್ತಾರೆ. 1,560ಕ್ಕೆ ಇಳಿಯಿತು. ಇವತ್ತೇ ಒಂದು ಡಬ್ಬಿ ಇಡಿ.

ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಬಗ್ಗೆ ಭಯ ಬೇಡ. ಕಾಯಿಲೆ ಇನ್ನೂ ಇದ್ದರೆ ಟ್ರಯಲ್ ಮುಗಿದ ಮೇಲೂ ಕನಿಷ್ಠ 93 ತಿಂಗಳು ಇರುತ್ತದೆ. ದುಡಿಮೆಯಿಂದ ಹಣ ಪೂರ್ತಿ ನಿಂತು, ಅದೇ ಕಾಯಿಲೆಯಿಂದ ಮತ್ತೆ ದುಡಿಯಲಾಗದಿದ್ದರೆ 5 ವರ್ಷದೊಳಗೆ ಮರುಚಾಲನೆ ಕೇಳಬಹುದು. ಅದು ತೀರ್ಮಾನ ಆಗುವವರೆಗೆ 6 ತಿಂಗಳ ತನಕ ತಾತ್ಕಾಲಿಕ ಹಣವೂ ಸಿಗುತ್ತದೆ.

ಇದೆಲ್ಲ ಎಸ್‌ಎಸ್‌ಡಿಐ ಲೆಕ್ಕ. ಎಸ್‌ಎಸ್‌ಐ (ಆದಾಯ, ಆಸ್ತಿ ಕಡಿಮೆ ಇರುವವರಿಗೆ ಕೊಡುವ ಹಣ) ಕೂಡ ಬರುತ್ತಿದ್ದರೆ ಅದರ ಕಡಿತವೇ ಬೇರೆ. ಸೇರುವ ಮುಂಚೆ ಟಿಕೆಟ್ ಟು ವರ್ಕ್ (ಡಿಸೆಬಿಲಿಟಿ ಹಣ ಪಡೆಯುವವರು ಕೆಲಸಕ್ಕೆ ಸೇರಲು ನೆರವಾಗುವ ಸೋಶಿಯಲ್ ಸೆಕ್ಯುರಿಟಿ ಕಾರ್ಯಕ್ರಮ) ಸಹಾಯವಾಣಿಗೆ ಫೋನ್ ಮಾಡಿ, ನಿಮ್ಮ ಊರಿನ ಬೆನಿಫಿಟ್ಸ್ ಕೌನ್ಸೆಲರ್ ಯಾರು ಅಂತ ಕೇಳಿ. ದುಡ್ಡು ತೆಗೆದುಕೊಳ್ಳುವುದಿಲ್ಲ. ಮೊದಲ ಪೇ ಸ್ಟಬ್ (ಸಂಬಳದ ಚೀಟಿ) ಬಂದ ಕೂಡಲೇ ಸೋಶಿಯಲ್ ಸೆಕ್ಯುರಿಟಿಗೆ ತಿಳಿಸಿ, ತಿಳಿಸಿದ್ದಕ್ಕೆ ರಸೀದಿ ಕೇಳಿ ತೆಗೆದುಕೊಳ್ಳಿ. ಅದನ್ನೂ ಡಬ್ಬಿಗೇ ಹಾಕಿ.